ಕಮಲಕ್ಕನ ಕಟ್ಟು ಮತ್ತು ಕಳ್ಳರಿಲ್ಲದ ದೇಶ

ನಮ್ಮ ಮನೆಯಲ್ಲೊಂದು ಕೈತಕ್ಕಡಿ ಇದೆ. ಸೂಟ್‌ಕೇಸಿನ ಹಿಡಿಗೆ ಅದರ ಕೊಕ್ಕೆ ಸಿಕ್ಕಿಸಿ ಮೇಲೆತ್ತಿದರೆ ಎಷ್ಟು ಕಿಲೋ ಎಂದು ತೋರಿಸುತ್ತದೆ. ಇದೆ ಎಂದೆನಲ್ಲ, ಅದು ಬರಿಯ ಬಾಯಿಮಾತು. ದುಬೈಯ ಅಲ್ ಕುಸೈಸ್‌ನಲ್ಲಿರುವ ನಮ್ಮ ಕಟ್ಟಡದಲ್ಲಿ ಯಾರು ಊರಿಗೆ ಹೊರಟರೂ ಅದು ಅವರ ಮನೆಗೆ ಹೋಗುತ್ತದೆ, ಅಲ್ಲಿಂದ ಅವರ ಮೇಲಿನ ಮನೆಗೆ, ಅಲ್ಲಿಂದ ಇನ್ನೆಲ್ಲಿಗೋ. ನನಗೇ ಬೇಕಾದಾಗ ನಾನು ಮಹಡಿ ಮಹಡಿ ಹತ್ತಿಳಿದು ಬಾಗಿಲು ಬಡಿಯಬೇಕು.

ಮೊನ್ನೆ ಅಪರೂಪಕ್ಕೆ ಅದು ಮನೆಯಲ್ಲಿದ್ದ ದಿನವೇ ಎದುರು ಮನೆಯ ಫರ್ಹಾನಾ ಬಂದಳು. ಭಟ್ಕಳದವಳು, ಗಂಡನಿಗೆ ದೇರಾದಲ್ಲಿ ಬಟ್ಟೆ ವ್ಯಾಪಾರ. “ಶಾರದಕ್ಕ, ನಿಮ್ಮ ತೂಕದ್ದು ಇದೆಯಾ? ನಾಳೆ ಫ್ಲೈಟ್. ಇವ್ರು ಕೈಯಲ್ಲಿ ಎತ್ತಿ ನೋಡಿ ಸರಿ ಇದೆ ಸರಿ ಇದೆ ಅಂತಾರೆ. ಇವ್ರ ಕೈ ನಂಬಿ ಹೋದ್ರೆ ನಾನು ಏರ್‌ಪೋರ್ಟಲ್ಲಿ ಪೆಟ್ಟಿಗೆ ಬಿಚ್ಚಿ ನೆಲದ ಮೇಲೆ ಕೂರ್ಬೇಕು” ಎಂದಳು. ತಕ್ಕಡಿ ಹಿಡಿದು ನಾನೂ ಹೋದೆ. ಅವಳ ಹಾಲ್‌ನಲ್ಲಿ ಪೆಟ್ಟಿಗೆಗಳು ಕಿಟಕಿಯವರೆಗೂ ಇದ್ದವು. ಇದರಲ್ಲಿ ನಿಮ್ಮದು ಯಾವುದು ಎಂದು ಕೇಳಿದೆ. “ನಮ್ದು ಆ ಸಣ್ಣ ಬ್ಯಾಗ್ ಒಂದೇ ಅಕ್ಕ. ಉಳಿದದ್ದೆಲ್ಲ ಅವ್ರಿವ್ರು ಕೊಟ್ಟಿದ್ದು.” ಒಳಗೇನಿದೆ ಎಂದು ಕೇಳಿದೆ. ಫರ್ಹಾನಾ ನನ್ನ ಮುಖವನ್ನೇ ನೋಡಿದಳು. ನಾನು ಅವಳ ಗಂಡನ ಸಂಪಾದನೆ ಕೇಳಿದ್ದರೂ ಅಷ್ಟು ಮುಜುಗರಪಡುತ್ತಿರಲಿಲ್ಲ.

ನನಗೆ ತಲೆ ಬಿಸಿಯಾಯಿತು. ಈ ಪೆಟ್ಟಿಗೆಗಳ ವಿಷಯ ಬಂದರೆ ನನಗೆ ಹಾಗೇ ಆಗುತ್ತದೆ. ನಮ್ಮಕ್ಕ ಸುಮತಿ ಕಾರ್ಕಳದಿಂದ ಇಲ್ಲಿಗೆ ಬಂದು ಹೋದಂದಿನಿಂದ ಹೀಗೆ. ಅದನ್ನು ಹೇಳುವ ಮೊದಲು ಈ ದೇಶದ ಕ್ಷೇಮಸಮಾಚಾರವನ್ನು ನಾಲ್ಕು ಮಾತಿನಲ್ಲಿ ಹೇಳಿಬಿಡುತ್ತೇನೆ, ಯಾಕೆಂದರೆ ನೀವೂ ಅದನ್ನೇ ಕೇಳುವವರು. ಊರಿನವರು ಫೋನ್ ಮಾಡಿದರೆ ಊಟ ಆಯ್ತಾ ಎಂಬುದಕ್ಕಿಂತ ಮೊದಲು ಕೇಳುವುದು, ಅಲ್ಲಿ ಸೇಫಾ ಎಂದು.

ಸೇಫೇ. ಈ ದೇಶ ಎಷ್ಟು ಸಣ್ಣದೆಂದರೆ, ಬೆಳಿಗ್ಗೆ ತಿಂಡಿ ತಿಂದು ಕಾರು ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಗಡಿ ಮುಟ್ಟಿ, ಫೋನು ತಾನಾಗಿಯೇ ಒಮಾನಿಗೆ ಸ್ವಾಗತ ಎಂದು ಹೇಳತೊಡಗುತ್ತದೆ. ಇಷ್ಟು ಸಣ್ಣ ಜಾಗದಲ್ಲಿ ಕಳ್ಳ ಕದ್ದರೂ ಓಡುವುದೆಲ್ಲಿಗೆ? ಹೋಟೆಲಿನ ಮೇಜು ಹಿಡಿದಿಡಲು ಜನ ಅದರ ಮೇಲೆ ಫೋನು ಇಟ್ಟು ಕಾಫಿ ತರಲು ಹೋಗುತ್ತಾರೆ. ನಮ್ಮಲ್ಲಾದರೆ ಬಸ್ಸಿನ ಸೀಟು ಹಿಡಿಯಲು ಹಳೆಯ ಕರವಸ್ತ್ರ ಹಾಕುತ್ತಿದ್ದೆವು, ಅದೂ ಹೋದರೆ ಹೋಗಲಿ ಎನ್ನುವಂಥದ್ದು. ಹೆಂಗಸರು ಒಬ್ಬರೇ ಟ್ಯಾಕ್ಸಿ ಹತ್ತುತ್ತಾರೆ, ಬಂಗಾರ ಹಾಕಿಕೊಂಡು ಮೆಟ್ರೋದಲ್ಲಿ ತೂಕಡಿಸುತ್ತಾರೆ. ಇದನ್ನೆಲ್ಲ ನಾನು ಊರಿನವರಿಗೆ ಎಷ್ಟು ಸಲ ಹೇಳಿದ್ದೇನೆಂದರೆ, ನನ್ನ ಮಗಳು ನಿಶಾ ಈಗ ನಾನು ಬಾಯಿ ತೆರೆಯುವ ಮೊದಲೇ, “ಮಮ್ಮಿ, ಪ್ಲೀಸ್, ನಾಟ್ ದಿ ಫೋನ್ ಆನ್ ದಿ ಟೇಬಲ್ ಸ್ಟೋರಿ ಅಗೇನ್” ಎನ್ನುತ್ತಾಳೆ.

ಆದರೆ ಊರಿನವರಿಗೆ ನನ್ನ ಮಾತಿಗಿಂತ ಟಿವಿಯ ಮೇಲೆ ನಂಬಿಕೆ. ಸುತ್ತಲಿನ ದೊಡ್ಡ ದೇಶಗಳು ಒಂದಕ್ಕೊಂದು ಗುರುಗುಟ್ಟಿದಾಗಲೆಲ್ಲ ಅಲ್ಲಿ ನಿರೂಪಕ ನಕ್ಷೆಯ ಮುಂದೆ ನಿಂತು ಕೈ ಬೀಸುತ್ತಾನೆ. ಅವನು ಹೆಬ್ಬೆರಳು ಇಟ್ಟರೆ ನಮ್ಮ ಇಡೀ ದೇಶ ಅದರ ಅಡಿಯಲ್ಲಿ ಮಾಯ. ಕೂಡಲೇ ನನಗೆ ಫೋನು. ನಮಗೂ ಅಂಥ ದಿನಗಳಲ್ಲಿ ಒಳಗೆ ಪುಕುಪುಕು ಇರುತ್ತದೆ, ಇಲ್ಲವೆನ್ನುವುದಿಲ್ಲ. ವಿಮಾನಗಳು ಸುತ್ತು ಹಾಕಿಕೊಂಡು ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. ಆದರೆ ಮರುದಿನ ಮಕ್ಕಳಿಗೆ ಶಾಲೆ ಇರುತ್ತದೆ, ಅವರಿಗೆ ಪಾಠ ಹೇಳುವ ನನಗೆ ನೋಟ್‌ಬುಕ್ ತಿದ್ದುವುದಿರುತ್ತದೆ. ಕಾರ್ಕಳದಲ್ಲಿ ಕೂತ ಚಿಕ್ಕಪ್ಪನಿಗೆ, ನಾನು ಈಗ ನೆಲಮಾಳಿಗೆಯಲ್ಲಿ ಅಡಗಿಲ್ಲ, ಇಡ್ಲಿ ಹಿಟ್ಟು ರುಬ್ಬುತ್ತಿದ್ದೇನೆ ಎಂದು ಒಪ್ಪಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.

ನಿಜವಾದ ಅಪಾಯ ಬೇರೆಯೇ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಇಲ್ಲಿ ನಮ್ಮನ್ನು ಹಿಡಿಯುವವರು ಕಳ್ಳರಲ್ಲ, ನಿಯಮಗಳು. ಗುರುತಿಲ್ಲದ ಕಡೆ ರಸ್ತೆ ದಾಟಿದರೆ ದಂಡ, ಮೆಟ್ರೋದಲ್ಲಿ ಚೂಯಿಂಗ್ ಗಮ್ ತಿಂದರೆ ದಂಡ. ನಮ್ಮೂರ ಡಾಕ್ಟರು ಧಾರಾಳವಾಗಿ ಬರೆದುಕೊಡುವ ಕೆಲವು ಮಾತ್ರೆಗಳಿಗೆ ಮೊದಲೇ ಅನುಮತಿ ಬೇಕು. ಎಲ್ಲಕ್ಕೂ ಮೇಲೆ ಗಸಗಸೆ. ಹೌದು, ನಮ್ಮ ಪಾಯಸದ ಗಸಗಸೆ. ಅದು ಅಫೀಮಿನ ಗಿಡದ ಬೀಜವಾದ್ದರಿಂದ ಈ ದೇಶದೊಳಗೆ ತರುವಂತಿಲ್ಲ. ತಂದು ಸಿಕ್ಕಿಬಿದ್ದರೆ, ಇದು ಹಬ್ಬದ ಅಡುಗೆಗೆ ಸ್ವಾಮಿ ಎಂದು ಅತ್ತರೂ ಕೇಸು ಕೇಸೇ.

ನಿಶಾಳ ಹೆರಿಗೆ ಹತ್ತಿರ ಬಂದಾಗ ಅಕ್ಕ ತಾನೇ ಬಾಣಂತನಕ್ಕೆ ಬರುತ್ತೇನೆಂದಳು. ನಿಶಾ ಇರುವುದು ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಎತ್ತರದ ಕಟ್ಟಡದಲ್ಲಿ. ನನಗೆ ಇಲ್ಲಿ ದುಬೈಯಲ್ಲಿ ಶಾಲೆಯ ಕೆಲಸ, ಪರೀಕ್ಷೆಯ ಸಮಯ ಬೇರೆ. ಅಕ್ಕ ಕಾರ್ಕಳದಲ್ಲಿ ಹೊಲಿಗೆ ಕ್ಲಾಸು ನಡೆಸುವವಳು. ಅದಕ್ಕೆ ರಜೆ ಕೊಟ್ಟು, ಮೊದಲ ಬಾರಿಗೆ ಪಾಸ್‌ಪೋರ್ಟ್ ಮಾಡಿಸಿದಳು. ನಾನು ಆ ದಿನದಿಂದಲೇ ಪಾಠ ಶುರು ಮಾಡಿದೆ. ವಾಟ್ಸಾಪ್ ಕರೆ ಈ ದೇಶದಲ್ಲಿ ಹೋಗುವುದಿಲ್ಲವಾದ್ದರಿಂದ ನನ್ನ ಪಾಠಗಳೆಲ್ಲ ಧ್ವನಿ ಸಂದೇಶಗಳಲ್ಲಿ. ಅವಳ ಹೊಲಿಗೆ ಕ್ಲಾಸಿನ ಹುಡುಗಿಯರೆಲ್ಲ ಅವನ್ನು ಒಟ್ಟಿಗೆ ಕೂತು ಕೇಳಿ ನಗುತ್ತಿದ್ದರಂತೆ.

“ಗಸಗಸೆ ತರ್ಲಿಕ್ಕಿಲ್ಲ ಅಂದ್ರೆ ಬಾಣಂತಿಗೆ ನಿದ್ದೆ ಬರುದು ಹೇಗೆ ಮಾರಾಯ್ತಿ? ಉಂಡೆಗೆ ಎಂತ ಹಾಕುದು, ಮಣ್ಣಾ?” ಎಂದಳು ಅಕ್ಕ.

“ನೀನು ಗಸಗಸೆ ತಂದ್ರೆ ಆ ನಿದ್ದೆ ಪೊಲೀಸ್ ಸ್ಟೇಷನ್ನಲ್ಲಿ ಮಾಡ್ಬೇಕಾದೀತು” ಎಂದೆ.

“ಕಳ್ಳರೇ ಇಲ್ಲ ಅಂತಿ. ಮತ್ತೆ ಪೊಲೀಸರಿಗೆ ಕೆಲಸ ಬೇಕಲ್ಲ, ಗಸಗಸೆ ಹೆಕ್ತಾರೆ.” ಹೀಗೆ ಬೈದುಕೊಂಡೇ ಗಸಗಸೆ ಇಲ್ಲದ ಉಂಡೆ ಕಟ್ಟಿದಳು. ಅದಕ್ಕೆ ಹಾಕಿದ ಬೆಲ್ಲ, ಕೊಬ್ಬರಿ, ಮೆಂತ್ಯ ಎಲ್ಲದರ ವರದಿಯೂ ನನಗೆ ಬಂತು. ನಾನು ಗೆದ್ದೆನೆಂದುಕೊಂಡೆ.

ನಾವು ಚಿಕ್ಕವರಿದ್ದಾಗಿನಿಂದಲೂ ನಮ್ಮ ಮನೆಯಲ್ಲಿ ಪ್ರಯಾಣದ ಭದ್ರತೆ ಎಂಬುದು ಅಕ್ಕನದೇ ಇಲಾಖೆಯಾಗಿತ್ತು. ಆಗ ದುಬೈ ಬದಲು ಬೊಂಬಾಯಿ. ಅಪ್ಪ ಬೊಂಬಾಯಿಗೆ ಹೊರಟರೆ ಅವರ ಬನಿಯನ್ನಿನ ಒಳಗೆ ಅಕ್ಕ ಒಂದು ಜೇಬು ಹೊಲಿಯುತ್ತಿದ್ದಳು. ಹಣ ಅದರೊಳಗೆ, ಮೇಲೆ ಪಿನ್ನು, ಪಿನ್ನಿನ ಮೇಲೆ ಅಂಗಿ, ಅಂಗಿಯ ಮೇಲೆ ಸ್ವೆಟರು. ದಾರಿಯಲ್ಲಿ ಚಾ ಕುಡಿಯಬೇಕೆನಿಸಿದರೆ ಅಪ್ಪ ಹೋಟೆಲಿನ ಹಿಂದೆ ಹೋಗಿ ಅರ್ಧ ಬೆತ್ತಲಾಗಬೇಕಿತ್ತು. ಆದ್ದರಿಂದ ಅವರು ಬೊಂಬಾಯಿವರೆಗೂ ಚಾ ಇಲ್ಲದೆ ಹೋಗಿ, ತಲೆನೋವಿನ ಜೊತೆ ಇಳಿಯುತ್ತಿದ್ದರು. ಕಳ್ಳರಿಗೆ ಸಿಗಲಿಲ್ಲವೆಂಬುದೇ ಅಕ್ಕನಿಗೆ ದೊಡ್ಡ ಸಮಾಧಾನ.

ಬೀದಿಯ ಕಟ್ಟುಗಳೂ ಅವಳ ಕೈಯಲ್ಲೇ ಹೋಗುತ್ತಿದ್ದವು. ಯಾರದೋ ಮನೆಯ ಸೀಮಂತದ ತಿಂಡಿ, ಯಾರೋ ಅಡವಿಡಲು ಕೊಟ್ಟ ಬಳೆ, ಗಂಡನ ಮನೆಯಲ್ಲಿರುವ ಮಗಳಿಗೆ ಗುಟ್ಟಾಗಿ ಹೋಗಬೇಕಾದ ಸೀರೆ, ಎಲ್ಲಕ್ಕೂ ಸುಮತಿಯನ್ನೇ ಕರೆಯುತ್ತಿದ್ದರು. ಕಟ್ಟು ಕೊಟ್ಟವರು ಹೇಗೆ ಕಟ್ಟಿದ್ದರೋ ಹಾಗೆಯೇ ಮುಟ್ಟುತ್ತಿತ್ತು. ನಾನಾದರೆ ದಾರಿಯಲ್ಲೇ ಮೂಸಿ, ಅಲುಗಾಡಿಸಿ, ಕಿವಿಗೆ ಹಿಡಿದು ನೋಡುವವಳು. ಅದಕ್ಕೇ ನನ್ನ ಕೈಗೆ ಯಾರೂ ಒಂದು ಬಾಳೆ ಎಲೆಯ ಕಟ್ಟನ್ನೂ ಕೊಟ್ಟವರಲ್ಲ.

ನಿಶಾಳಿಗೆ ಹೆರಿಗೆಯಾಯಿತು, ಅಕ್ಕ ಹೊರಡುವ ದಿನ ಬಂತು. ಮಂಗಳೂರು ವಿಮಾನ ನಿಲ್ದಾಣದಿಂದ ಫೋನು ಮಾಡಿದಳು. “ಎಲ್ಲಾ ಆಯ್ತು. ಇನ್ನು ಹತ್ತುದೊಂದೇ ಬಾಕಿ. ಸರ ಬ್ಲೌಸಿನ ಒಳಗೆ ಪಿನ್ನು ಹಾಕಿ ಇಟ್ಟಿದ್ದೇನೆ. ನೀನು ಹೆದರ್ಬೇಡ.”

“ನಾನು ಹೆದರ್ಲಿಲ್ಲ. ಗಸಗಸೆ ಇಲ್ಲ ಅಲ್ವಾ?”

“ಇಲ್ಲ ಇಲ್ಲ ಇಲ್ಲ. ಎಷ್ಟು ಸಲ ಹೇಳ್ಬೇಕು ನಿಂಗೆ? ಪೆಟ್ಟಿಗೆಯಲ್ಲಿ ಉಂಡೆ, ಎಣ್ಣೆ, ಮಗುವಿನ ಬಟ್ಟೆ. ಕೈಯಲ್ಲಿ ಕಮಲಕ್ಕನ ಒಂದು ಸಣ್ಣ ಕಟ್ಟು. ಅಷ್ಟೇ.”

“ಕಮಲಕ್ಕನ ಕಟ್ಟಾ?”

“ಹೌದು, ಅವ್ರ ಪ್ರವೀಣನಿಗೆ. ಅವನು ಅಲ್ಲೇ ದುಬೈಯಲ್ಲಿ ಅಲ್ಲವಾ.”

ಕಮಲಕ್ಕ ಅಕ್ಕನ ಪಕ್ಕದ ಮನೆಯವರು. ಅವರ ಗಸಗಸೆ ಪಾಯಸಕ್ಕೆ ಇಡೀ ಬೀದಿಯಲ್ಲಿ ಹೆಸರು. ಅದನ್ನು ಕುಡಿದು ಮದುವೆಮನೆಯಲ್ಲಿ ಚಾಪೆ ಹುಡುಕಿದವರಲ್ಲಿ ನಾನೂ ಒಬ್ಬಳು. ಮಗ ಊರಿಗೆ ಬಾರದೆ ಎರಡು ವರ್ಷ ದಾಟಿತ್ತು. ಅಂಥ ತಾಯಿ ಅಂಥ ಮಗನಿಗೆ ಏನು ಕಳಿಸಿಯಾರೆಂದು ಊಹಿಸಲು ಹೆಚ್ಚು ಬುದ್ಧಿ ಬೇಕಿರಲಿಲ್ಲ.

“ಎಂತ ಉಂಟು ಅದರಲ್ಲಿ?”

“ನಂಗೆಂತ ಗೊತ್ತು?”

“ಬಿಚ್ಚಿ ನೋಡಕ್ಕ. ಈಗಲೇ ನೋಡು.”

ಅಕ್ಕ, ಮಕ್ಕಳಿಗೆ ಹೇಳುವಂತೆ, ನಿಧಾನವಾಗಿ ಹೇಳಿದಳು. “ಶಾರದಾ, ಅದು ಇನ್ನೊಬ್ಬರ ಕಟ್ಟು.”

“ಇನ್ನೊಬ್ಬರದ್ದಾದ್ರೂ ಕೈಯಲ್ಲಿ ಹಿಡ್ಕೊಂಡವಳು ನೀನು. ಹಿಡಿದ್ರೆ ನಿನ್ನನ್ನೇ ಹಿಡಿಯುದು!”

“ಕಮಲಕ್ಕ ನಂಗೆ ಕಟ್ಟು ಕೊಡುದು ಇದು ಮೊದಲ ಸಲ ಅಲ್ಲ. ನಾನು ಬಿಚ್ಚಿದವಳೂ ಅಲ್ಲ. ಕರೀತಿದ್ದಾರೆ, ಹತ್ತುತ್ತೇನೆ” ಎಂದು ಫೋನಿಟ್ಟಳು. ಮತ್ತೆ ಮಾಡಿದರೆ ಸ್ವಿಚ್ ಆಫ್.

ಅವಳು ಆಕಾಶದಲ್ಲಿದ್ದಷ್ಟು ಹೊತ್ತೂ ನಾನು ನೆಲದ ಮೇಲಿರಲಿಲ್ಲ. ಕಮಲಕ್ಕನಿಗೆ ಫೋನು ಮಾಡಿದೆ, ಅವರು ಎತ್ತಲಿಲ್ಲ. ಬಾವಿಯ ಹತ್ತಿರವೋ ಬಚ್ಚಲಲ್ಲೋ ಇದ್ದಿರಬೇಕು. ಅಕ್ಕ ಇಳಿದ ಕೂಡಲೇ ಕೇಳಲಿ ಎಂದು ಧ್ವನಿ ಸಂದೇಶಗಳನ್ನು ಕಳಿಸಿದೆ. ಮೊದಲನೆಯದರಲ್ಲಿ ಬೇಡಿಕೊಂಡಿದ್ದೆ, ಕೊನೆಯದರಲ್ಲಿ ಕಿರುಚಿದ್ದೆ. “ಅಕ್ಕ, ಕಸ್ಟಮ್ಸ್‌ಗೆ ಮೊದಲು ಬಿಚ್ಚು. ಆಗದಿದ್ರೆ ಅಲ್ಲೇ ಕಸದ ಬುಟ್ಟಿಗೆ ಹಾಕು. ನಿಶಾಳ ಮಗುವಿನ ಮೇಲಾಣೆ!” ಆಣೆ ಹಾಕಿದ ಮೇಲೆ, ಆ ಮಗು ಹುಟ್ಟಿ ಇನ್ನೂ ಐದು ದಿನವಾಗಿರಲಿಲ್ಲ ಎಂದು ನೆನಪಾಗಿ ನನ್ನ ಮೇಲೇ ಸಿಟ್ಟು ಬಂತು.

ಆಗಮನದ ಬಾಗಿಲಲ್ಲಿ ನಿಂತೆ. ಮಂಗಳೂರಿನ ವಿಮಾನದವರು ಒಬ್ಬೊಬ್ಬರಾಗಿ ಬಂದರು. ನಮ್ಮವರನ್ನು ಗುರುತಿಸುವುದು ಕಷ್ಟವಲ್ಲ, ಹಪ್ಪಳ ಮುರಿಯದಂತೆ ಪೆಟ್ಟಿಗೆಯನ್ನು ಹಸುಗೂಸಿನ ಹಾಗೆ ಹಿಡಿದಿರುತ್ತಾರೆ. ಎಲ್ಲರೂ ಬಂದರು, ಅಕ್ಕ ಬರಲಿಲ್ಲ. ಬಾಗಿಲು ತೆರೆದಾಗಲೆಲ್ಲ ಕತ್ತು ಚಾಚಿ ನೋಡಿದೆ. ಒಳಗೆ ಕರೆದರೆ ಏನು ಹೇಳಲಿ? ಇಷ್ಟು ವರ್ಷ ಇಲ್ಲಿದ್ದು ನಾನು ಕಲಿತ ಅರಬ್ಬಿ ಮೂರು ಪದ. ಇಲ್ಲ ಎನ್ನಲು ಮಾಫಿ, ಮುಗಿಯಿತು ಎನ್ನಲು ಖಲಾಸ್, ಹೊರಡು ಎನ್ನಲು ಯಲ್ಲಾ. ಈ ಮೂರರಲ್ಲೇ ಅಕ್ಕನನ್ನು ಬಿಡಿಸಿಕೊಳ್ಳುವ ವಾಕ್ಯವನ್ನು ಕಟ್ಟಿ ನೋಡಿದೆ. ಗಸಗಸೆ ಮಾಫಿ, ಅಕ್ಕ ಖಲಾಸ್, ಯಲ್ಲಾ. ಮನಸ್ಸಿನಲ್ಲಿ ಹೇಳಿಕೊಂಡಾಗಲೇ ಭಯವಾಯಿತು.

ಕೊನೆಗೆ ಬಂದಳು. ಗಾಡಿ ತಳ್ಳಿಕೊಂಡು, ಒಬ್ಬಳೇ, ಯಾವ ಪೊಲೀಸರೂ ಜೊತೆಗಿಲ್ಲದೆ. ಎದೆಗೆ ಅವುಚಿಕೊಂಡ ಚೌಕುಳಿ ಬಟ್ಟೆಯ ಕಟ್ಟು. ನಾನು ಓಡಿಹೋಗಿ ತಬ್ಬಿಕೊಂಡು, ಮೊದಲು ಕೇಳಿದ್ದು ಪ್ರಯಾಣ ಹೇಗಾಯಿತೆಂದಲ್ಲ.

“ಬಿಚ್ಚಿದ್ಯಾ?”

“ನಿನ್ನ ಆಣೆ ಕೇಳಿ ಬಿಚ್ಚಿದೆ. ಪೆಟ್ಟಿಗೆ ಬರುವಲ್ಲಿ ಒಂದು ಬೆಂಚು ಇತ್ತು, ಅಲ್ಲಿ ಕೂತು. ಗಸಗಸೆ ಇಲ್ಲ.”

“ಅಬ್ಬ! ಮತ್ತೆ ಎಂತ ಇತ್ತು?”

“ಗಸಗಸೆ ಇರ್ಲಿಲ್ಲ ಅಂದೆನಲ್ಲ. ಉಳಿದದ್ದು ನಿಂಗೆ ಬೇಡ.”

ನನಗೆ ಬೇಕಿತ್ತು, ತುಂಬಾ ಬೇಕಿತ್ತು. ಆದರೆ ಅವಳ ಮುಖ ನೋಡಿ ಮತ್ತೆ ಕೇಳದೆ ಗಾಡಿ ತಳ್ಳಿದೆ. ಮೊದಲ ಬಾರಿಗೆ ದುಬೈ ನೋಡುವವರು ಕಾರಿನಲ್ಲಿ ಕತ್ತು ಹೊರಳಿಸಿ ಹೊರಳಿಸಿ ಕಟ್ಟಡ ನೋಡುತ್ತಾರೆ. ಅಕ್ಕ ಮಡಿಲಲ್ಲಿದ್ದ ಕಟ್ಟನ್ನೇ ನೋಡುತ್ತ ಕೂತಿದ್ದಳು. ನಾನು ಎಂದಿನ ಉತ್ಸಾಹದಲ್ಲಿ, ನೋಡಕ್ಕ, ಇಲ್ಲಿ ರಸ್ತೆ ತುಂಬ ಕ್ಯಾಮೆರಾ, ಯಾರೂ ಜೋರಾಗಿ ಓಡಿಸುವ ಹಾಗಿಲ್ಲ, ಎಷ್ಟು ಸೇಫ್ ನೋಡು ಎಂದೆ. “ಹ್ಞೂಂ. ಮೊದಲು ಪ್ರವೀಣನ ಮನೆಗೆ ಹೋಗುವ. ಇದನ್ನು ಮುಟ್ಟಿಸಿ ಆಮೇಲೆ ಮಗುವನ್ನು ನೋಡುವ” ಎಂದಳು.

ಪ್ರವೀಣ ಇರುವುದು ಇಂಟರ್‌ನ್ಯಾಷನಲ್ ಸಿಟಿಯಲ್ಲಿ. ಅಲ್ಲಿ ಒಂದೊಂದು ಗುಂಪು ಕಟ್ಟಡಕ್ಕೆ ಒಂದೊಂದು ದೇಶದ ಹೆಸರು. ಅವನದು ಇಂಗ್ಲೆಂಡ್. ಕಮಲಕ್ಕ ಕಾರ್ಕಳದಲ್ಲಿ ಮಗ ದುಬೈಯ ಇಂಗ್ಲೆಂಡಿನಲ್ಲಿದ್ದಾನೆ ಎಂದು ಹೇಳಿ ಕೇಳಿದವರ ತಲೆ ಕೆಡಿಸಿದ್ದಾರೆ. ನಾನು ಪಾರ್ಕಿಂಗಿಗೆ ಜಾಗ ಹುಡುಕುತ್ತ ಸ್ಪೇನಿಗೆ ಹೋಗಿ, ಚೀನಾಕ್ಕೆ ಸುತ್ತಿ, ಮತ್ತೆ ಇಂಗ್ಲೆಂಡಿಗೆ ಬಂದೆ. ಇಷ್ಟೊಂದು ದೇಶಗಳು ಈ ಒಂದೇ ಬಡಾವಣೆಯಲ್ಲಿವೆ, ಕಾರು ನಿಲ್ಲಿಸಲು ಒಂದರಲ್ಲೂ ಜಾಗವಿಲ್ಲ.

ಪ್ರವೀಣ ಕೆಳಗೇ ಕಾಯುತ್ತಿದ್ದ. ಮೂವತ್ತರ ಹತ್ತಿರದ, ಮೆತ್ತಗೆ ಮಾತಾಡುವ ಹುಡುಗ, ಯಾವುದೋ ಎ.ಸಿ. ರಿಪೇರಿ ಕಂಪನಿಯಲ್ಲಿ ಸೂಪರ್‌ವೈಸರ್. ಮೇಲೆ ಕರೆದುಕೊಂಡು ಹೋಗಿ ಕೂರಿಸಿ, ಜೊತೆಗಿರುವವರನ್ನೆಲ್ಲ ಹಾಲ್‌ನಿಂದ ಎಬ್ಬಿಸಿ ನಮಗೆ ಚಾ ಮಾಡಿದ. “ಅಮ್ಮ ಹೇಗಿದ್ದಾರೆ ದೊಡ್ಡಮ್ಮ?” ಎಂದು ಅಕ್ಕನನ್ನು ಕೇಳಿದ. ಅಕ್ಕ ಒಳ್ಳೆದಿದ್ದಾರೆ ಮಗ ಎಂದು ಕಟ್ಟನ್ನು ಎರಡೂ ಕೈಯಲ್ಲಿ ಕೊಟ್ಟಳು.

ಅವನು ಅದನ್ನು ತೆಗೆದುಕೊಂಡು ಗಂಟಿನ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು. “ಇದು ಅಮ್ಮ ಹಾಕಿದ ಗಂಟಲ್ಲ. ಅವ್ರು ತುದಿ ಒಳಗೆ ಸಿಕ್ಕಿಸ್ತಾರೆ” ಎಂದ. ದೂರುವ ದನಿಯಲ್ಲ, ಸುಮ್ಮನೆ ಅಂದದ್ದು.

“ಏರ್‌ಪೋರ್ಟಲ್ಲಿ ಬಿಚ್ಚಿಸಿದ್ರು ಮಾರಾಯ. ಈಗೆಲ್ಲ ತುಂಬಾ ಸ್ಟ್ರಿಕ್ಟ್” ಎಂದು ನಾನು ಥಟ್ಟನೆ ಹೇಳಿದೆ. ಎಷ್ಟು ಸಲೀಸಾಗಿ ಬಂತೆಂದರೆ ನನಗೇ ಆಶ್ಚರ್ಯ.

“ಇಲ್ಲ ಮಗ, ಯಾರೂ ಬಿಚ್ಚಿಸ್ಲಿಲ್ಲ. ನಾನೇ ಬಿಚ್ಚಿದ್ದು” ಎಂದಳು ಅಕ್ಕ.

ಪ್ರವೀಣನ ಮುಖ ಕಿವಿಯವರೆಗೂ ಕೆಂಪಾಯಿತು. “ನೋಡಿದ್ರಾ ದೊಡ್ಡಮ್ಮ?”

“ನೋಡಿದೆ. ಗಸಗಸೆ ಉಂಟಾ ಅಂತ ಹೆದರಿಕೆ ಆಯ್ತು. ತಪ್ಪಾಯ್ತು ಮಗ.”

“ಅಯ್ಯೋ, ಹಾಗೆಲ್ಲ ಹೇಳ್ಬೇಡಿ. ಗಸಗಸೆ ಹಾಕ್ಬಾರ್ದು ಅಂತ ಅಮ್ಮನಿಗೆ ಮೊದಲೇ ಗೊತ್ತುಂಟು. ನಾನು ಇಲ್ಲಿಗೆ ಬಂದ ವರ್ಷವೇ ಹೇಳಿದ್ದೆ” ಎಂದ. ಎಂದವನು ಕಟ್ಟನ್ನು ಬಿಚ್ಚದೆ ಒಳಕೋಣೆಗೆ ಒಯ್ದು, ಬಾಗಿಲು ಹಾಕಿಕೊಂಡು, ಸ್ವಲ್ಪ ತಡೆದು ಹೊರಗೆ ಬಂದ. ಆಮೇಲೆ ಹವೆಯ ಬಗ್ಗೆ ಮಾತಾಡಿದೆವು. ಹವೆಯ ಬಗ್ಗೆ ಹೇಳಲು ಈ ದೇಶದಲ್ಲಿ ಹೆಚ್ಚೇನೂ ಇಲ್ಲ, ಸೆಖೆ ಎಂದರೆ ಮುಗಿಯಿತು. ಚಾ ಬೇಗ ಕುಡಿದು ಎದ್ದೆವು.

ಅಲ್ಲಿಂದ ಕಾರನ್ನು ಅಬುಧಾಬಿಯ ದಾರಿಗೆ ತಿರುಗಿಸಿದೆ. ನಾನು ಅನೇಕ ವಾದಗಳನ್ನು ತಯಾರಿಸಿಕೊಂಡಿದ್ದೆ. ಒಂದು ವೇಳೆ ಇದ್ದಿದ್ದರೆ? ಹಿಡಿದಿದ್ದರೆ? ನಿಶಾಳ ಬಾಣಂತನ ಮಾಡುವುದು ಬಿಟ್ಟು ನಾವೆಲ್ಲ ವಕೀಲರ ಬಾಗಿಲಲ್ಲಿ ಕೂರಬೇಕಿತ್ತು. ನಾನು ಹೇಳಿದ್ದು ತಪ್ಪಲ್ಲ, ಈಗಲೂ ಹೇಳುತ್ತೇನೆ. ಇನ್ನೊಬ್ಬರ ಕಟ್ಟನ್ನು ನೋಡದೆ ಗಡಿ ದಾಟಿಸಬೇಡಿ, ಯಾರ ಮೇಲೆ ಎಷ್ಟೇ ನಂಬಿಕೆ ಇರಲಿ. ಆದರೆ ಅಕ್ಕ ವಾದಕ್ಕೇ ಬರಲಿಲ್ಲ.

“ನೀನು ಹೇಳಿದ್ದು ಸರಿಯೇ” ಎಂದಳು ಕೊನೆಗೆ. “ಆದರೆ ಕಮಲಕ್ಕ ಇನ್ನು ನಂಗೆ ಕೊಡ್ಲಿಕ್ಕಿಲ್ಲ. ಕೊಟ್ಟರೂ ಮೊದಲಿನ ಹಾಗೆ ಕೊಡ್ಲಿಕ್ಕಿಲ್ಲ.”

“ಪ್ರವೀಣ ಅಮ್ಮನಿಗೆ ಹೇಳುದಿಲ್ಲ ಬಿಡು.”

“ನಾನು ಹೇಳ್ಬೇಕಲ್ಲ” ಎಂದಳು.

ಇಂಥವಳ ಜೊತೆ ಏನು ಮಾಡುತ್ತೀರಿ? ನನಗೆ ಅಳು ಬರುವಷ್ಟು ರೇಗಿತು. ರೇಗಿದ್ದು ಅವಳ ಮೇಲೋ, ಕಮಲಕ್ಕನ ಮೇಲೋ, ಗಸಗಸೆಯ ಮೇಲೋ ತಿಳಿಯದೆ ಮುಂದಿನ ಕಾರಿಗೆ ಹಾರ್ನ್ ಹೊಡೆದೆ.

ಅಲ್ ರೀಮ್‌ನಲ್ಲಿ ಅಕ್ಕನ ಬಾಣಂತನ ಜೋರಾಗಿಯೇ ನಡೆಯಿತು. ಮಗು ಗುಂಡಗಾಯಿತು, ನಿಶಾ ಗಸಗಸೆ ಇಲ್ಲದೆಯೂ ನಿದ್ದೆ ಮಾಡಿದಳು. ಅಕ್ಕನಿಗೆ ಒಂದೇ ಕಿರಿಕಿರಿ, ಆ ಕಟ್ಟಡದ ಬಾಗಿಲುಗಳು. ಕೆಳಗೆ ಕಾವಲಿನವನು, ಅವನ ಮುಂದೆ ಕಾರ್ಡು ತೋರಿಸಿದರೆ ತೆರೆಯುವ ಗಾಜಿನ ಬಾಗಿಲು, ಕಾರ್ಡು ಇಟ್ಟರೆ ಮಾತ್ರ ಮೇಲೇರುವ ಲಿಫ್ಟು. ಒಮ್ಮೆ ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿ ಗಾಳಿಗೆ ಕರೆದೊಯ್ದವಳು ಕಾರ್ಡು ಮರೆತು, ತನ್ನ ಮನೆಗೆ ತಾನೇ ಹೋಗಲಾಗದೆ ಕೆಳಗೆ ಸೋಫಾದ ಮೇಲೆ ಕೂತಿದ್ದಳಂತೆ. ನಾನು ವಾರದ ರಜೆಗೆ ಹೋದಾಗ ಅದನ್ನೇ ಹಿಡಿದುಕೊಂಡಳು. “ಕಳ್ಳರೇ ಇಲ್ಲದ ಊರಲ್ಲಿ ಇಷ್ಟು ಬೀಗ ಯಾಕೆ ಶಾರದಾ? ನಮ್ಮ ಕಾರ್ಕಳದಲ್ಲಿ ಕಳ್ಳರು ಇದ್ದಾರೆ, ಆದ್ರೂ ಹಗಲು ಹೊತ್ತು ಬಾಗಿಲು ತೆರೆದೇ ಇರ್ತದಲ್ಲ.” ಬೀಗ ಇರುವುದರಿಂದಲೇ ಕಳ್ಳರಿಲ್ಲ ಎಂದೆ. ಉತ್ತರ ನನಗೇ ಅಷ್ಟು ರುಚಿಸಲಿಲ್ಲ. ಆದರೆ ದಿನ ಕಳೆದಂತೆ ಅವಳ ಸರ ಬ್ಲೌಸಿನಿಂದ ಹೊರಗೆ ಬಂತು. ಪಿನ್ನು ಮಗುವಿನ ಟೊಪ್ಪಿಗೆಗೆ ಹೋಯಿತು.

ಅವಳು ಊರಿಗೆ ಹೊರಡುವ ಹಿಂದಿನ ಸಂಜೆ ಪ್ರವೀಣ ಅಲ್ ಕುಸೈಸ್‌ನ ನಮ್ಮ ಮನೆಗೆ ಬಂದ. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಬಾಯಿ ತೆರೆದದ್ದು. ಇನ್ನೊಂದು ಕೈಯಲ್ಲಿ ಟೇಪು. ಅಕ್ಕನ ಎದುರು ನೆಲದ ಮೇಲಿಟ್ಟು, “ದೊಡ್ಡಮ್ಮ, ಇದು ಅಮ್ಮನಿಗೆ. ನೀವು ಎಲ್ಲ ಒಮ್ಮೆ ನೋಡಿ, ಆಮೇಲೆ ಮುಚ್ಚುವ” ಎಂದ. ಹುಡುಗ ತುಂಬ ಒಳ್ಳೆಯವನು. ಅವನ ಮನಸ್ಸಿನಲ್ಲಿ ಚುಚ್ಚುವ ಉದ್ದೇಶ ಒಂದಿಷ್ಟೂ ಇರಲಿಲ್ಲ.

ಅಕ್ಕನ ಮುಖ ಸಣ್ಣದಾಯಿತು. ಎದ್ದು ನಿಂತು, “ಮುಚ್ಚು ಮೊದ್ಲು” ಎಂದಳು.

“ಅಲ್ಲ ದೊಡ್ಡಮ್ಮ, ನಿಮ್ಗೆ ಮತ್ತೆ ಟೆನ್ಷನ್ ಆಗ್ಬಾರ್ದಲ್ಲ.”

“ಮುಚ್ಚಿ ಆದ್ಮೇಲೆ ಕರಿ” ಎಂದು ಅಡುಗೆಮನೆಗೆ ನಡೆದಳು. ನಾನು ಅಲ್ಲೇ ಕೂತಿದ್ದೆ. ನೋಡಬೇಕಾದದ್ದು ನಿಯಮ, ನೋಡಬೇಕೆಂಬುದು ಆಸೆ, ಎರಡೂ ಒಂದೇ ಕಡೆ ಎಳೆಯುತ್ತಿದ್ದವು. “ಶಾರದಾ, ನೀನೂ ಬಾ” ಎಂದು ಒಳಗಿನಿಂದ ಕೂಗು ಬಂತು. ಕೆಲಸವೇ ಇಲ್ಲದ ಅಡುಗೆಮನೆಯಲ್ಲಿ ನಾವಿಬ್ಬರೂ ನಿಂತು, ಹೊರಗೆ ಟೇಪು ಪರ್ರೆಂದು ಎಳೆಯುವ ಸದ್ದು ಕೇಳಿಸಿಕೊಂಡೆವು. ನಾನು ಪಿಸುಗುಟ್ಟಿ ಬೈದೆ, ಇಷ್ಟು ಆದ ಮೇಲೂ ನಿನಗೆ ಬುದ್ಧಿ ಬಂದಿಲ್ಲ ಎಂದು. ಅಕ್ಕ ಸಿಂಕಿನಲ್ಲಿದ್ದ ಒಂದೇ ಲೋಟವನ್ನು ಎರಡು ಸಲ ತೊಳೆದಳು.

ಮರುದಿನ ವಿಮಾನ ನಿಲ್ದಾಣದಲ್ಲಿ, ಕೌಂಟರಿನವರೆಗೆ ನಾನೂ ಹೋದೆ. ಪ್ರವೀಣನ ಪೆಟ್ಟಿಗೆ ತೂಗಿ, ಅಲ್ಲಿದ್ದ ಹುಡುಗಿ ಇಂಗ್ಲಿಷಿನಲ್ಲಿ ಕೇಳಿದಳು, ಇದರಲ್ಲಿ ಪವರ್ ಬ್ಯಾಂಕ್, ಬ್ಯಾಟರಿ ಏನಾದರೂ ಇದೆಯೇ? ನಾನು ಹಿಂದಿನಿಂದ, “ನೋ, ನೋ, ನಥಿಂಗ್” ಎಂದೆ.

ಅಕ್ಕ ತಿರುಗಿ ನನ್ನನ್ನು ನೋಡಿದಳು. “ನಿಂಗೆ ಹೇಗೆ ಗೊತ್ತು?” ಎಂದು ಕನ್ನಡದಲ್ಲಿ ಕೇಳಿ, ಆ ಹುಡುಗಿಯ ಕಡೆ ನೋಡಿ ತನಗೆ ಬಂದ ಇಂಗ್ಲಿಷಿನಲ್ಲಿ ಹೇಳಿದಳು. “ಐ ಡೋಂಟ್ ನೋ. ನಾಟ್ ಮೈ ಬಾಕ್ಸ್. ಯೂ ಓಪನ್, ಯೂ ಸೀ.”

ಹಿಂದೆ ಸಾಲು ಉದ್ದವಾಗಿತ್ತು. ಯಾರೋ ಮಲಯಾಳದಲ್ಲಿ ಗೊಣಗಿದರು. ನನಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಹುಡುಗಿ ಪೆಟ್ಟಿಗೆಯನ್ನು ಪಕ್ಕದ ಮೇಜಿಗೆ ಎತ್ತಿಸಿ, ಕತ್ತರಿಯಿಂದ ಟೇಪು ಸೀಳಿದಳು.

ಅಕ್ಕ ಆಗ ಬೆನ್ನು ತಿರುಗಿಸಿದಳು. ಪೆಟ್ಟಿಗೆಗೆ ಬೆನ್ನು ಹಾಕಿ, ಸೆರಗು ಸರಿಮಾಡಿಕೊಂಡು, ಎದುರಿಗಿದ್ದ ಗೋಡೆಯನ್ನು ನೋಡುತ್ತ ನಿಂತಳು. ಸಾಲಿನವರು ನೋಡಿದರು, ಕೌಂಟರಿನ ಹುಡುಗಿಯೂ ಕತ್ತರಿ ಹಿಡಿದುಕೊಂಡೇ ಒಂದು ಕ್ಷಣ ನೋಡಿದಳು. ನಾನು ನಿಂತದ್ದು ಪೆಟ್ಟಿಗೆಗೆ ಒಂದು ಮಾರು ದೂರದಲ್ಲಿ. ಒಳಗೆ ಕಾಗದ ಸರಿಸುವ ಸದ್ದು ಕೇಳಿಸುತ್ತಿತ್ತು, ಕತ್ತು ಸ್ವಲ್ಪ ಹೊರಳಿಸಿದರೆ ಸಾಕಿತ್ತು. ಸಿಟ್ಟು ಬಂದೇ ಇತ್ತು, ಆದರೂ ಕಾಲು ತಾನಾಗಿ ತಿರುಗಿತು. ಅಕ್ಕನ ಪಕ್ಕಕ್ಕೆ ಹೋಗಿ ನಾನೂ ಗೋಡೆ ನೋಡುತ್ತ ನಿಂತೆ. ಹೊಸದಾಗಿ ಟೇಪು ಎಳೆಯುವ ಸದ್ದಾಗುವವರೆಗೂ ಇಬ್ಬರೂ ಹಾಗೇ ಇದ್ದೆವು.

“ಮುಚ್ಚಿದ್ರಾ?” ಎಂದಳು ಅಕ್ಕ.

“ಹಿಂದೆ ತಿರುಗದೆ ನಂಗೆ ಹೇಗೆ ಗೊತ್ತಾಗ್ಬೇಕು?” ಎಂದು ಗದರಿದೆ.